ಕಾಕಾ ಉಂಡ ಬುತ್ತಿ

"ಬ್ಯಾಗಿನ ತೂಕ ಜಾಸ್ತಿಯಾಗಿದೆ ಸರ್, ಏನಾದರೂ ತೆಗೆಯಿರಿ" ಎಂದಳು ಹುಬ್ಬಳ್ಳಿ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ. ಕಾಕು ಕಟ್ಟಿಕೊಟ್ಟಿದ್ದ ಬುತ್ತಿಯ ಗಂಟನ್ನು ತೆಗೆದು ಕಸದ ಡಬ್ಬಿಯ ಪಕ್ಕ ಇಟ್ಟೆ. ತಲೆ ಎತ್ತಿದರೆ, ಬೀಳ್ಕೊಡಲು ಬಂದಿದ್ದ ಕಾಕಾ ಗಾಜಿನ ಬಾಗಿಲಿನಾಚೆ ನಿಂತು ನೋಡುತ್ತಿದ್ದರು.

ಅಮರಗೋಳದ ಈ ಚಿಕ್ಕಪ್ಪ-ಚಿಕ್ಕಮ್ಮನ ಮನೆಗೆ ರಜೆಗೆಂದು ಬಂದಿದ್ದ ನಾವು ನಾಲ್ವರು, ನಾನು, ಹೆಂಡತಿ, ಇಬ್ಬರು ಮಕ್ಕಳು, ಅಗ್ಗದ ಟಿಕೆಟ್ ಸಿಕ್ಕಿತೆಂದು ಮುಂಬೈಯನ್ನೂ ನೋಡಿಬರಲು ಹೊರಟಿದ್ದೆವು. ವಿಮಾನದಲ್ಲಿ ಬುತ್ತಿ ಬೇಡವೆಂದರೂ ಕಾಕು ಕೇಳಿರಲಿಲ್ಲ. ಪ್ರಯಾಣ ಹೊರಟವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ಆ ಮನೆಯಲ್ಲಿಲ್ಲ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಎಣಗಾಯಿ ಪಲ್ಯ, ಶೇಂಗಾ ಚಟ್ನಿ ಜೊತೆಗಿಟ್ಟು ಕಟ್ಟಿದ್ದರು.

ಕಾಕಾ ಕೈಸನ್ನೆ ಮಾಡಿ ಕರೆದರು. ಗಂಟು ಹಿಡಿದು ಬಾಗಿಲಿಗೆ ಹೋದೆ. "ತೂಕ ಭಾಳ ಆತಂತ ಕಾಕಾ..."

"ಇರ್ಲಿ, ಕೊಡಿಲ್ಲೆ. ತಿರುಗಿ ಮನೀಗೆ ಒಯ್ದ್ರ ನಿಮ್ಮ ಕಾಕು ಅಳ್ತಾಳ. ಇಲ್ಲೇ ಕುಂತು ಉಂಡು ಹೊಕ್ಕೇನಿ. ನೀ ಲಗೂ ನಡಿ."

ವಿಮಾನದತ್ತ ನಡೆಯುವಾಗ ಬೇಲಿಯಾಚೆ ಅವರು ಮತ್ತೆ ಕಂಡರು. ಬೇವಿನ ಮರದ ಕೆಳಗೆ ಆಟೊ ಚಾಲಕನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾಲ್ಕು ಜನರ ಬುತ್ತಿಯನ್ನು ಬಿಚ್ಚುತ್ತಿದ್ದರು.

ಮಧ್ಯಾಹ್ನ ಮುಂಬೈಗೆ ಕಾಕುವಿನ ಫೋನ್ ಬಂತು. "ಬುತ್ತಿ ಸಾಲ್ತೋ ಇಲ್ಲೋ?"

"ಚೂರೂ ಉಳೀಲಿಲ್ಲ ಕಾಕು" ಎಂದೆ.

"ಛಲೋ ಆತು. ಇಲ್ಲಿ ನಿಮ್ಮ ಕಾಕಾನ ನೋಡು, ನೀವು ಹೋದ ಬ್ಯಾಸರಕ್ಕ ಊಟಾನ ಒಲ್ಲೆ ಅನ್ನಾಕತ್ತಾರ."

ಮುಂದೆ ಸಮುದ್ರವಿತ್ತು, ಮಕ್ಕಳು ಕರೆಯುತ್ತಿದ್ದರು. ನನಗೆ ತಲೆ ಎತ್ತಿ ನೋಡಲಾಗಲಿಲ್ಲ.