ಶಾರ್ಕಿನ ಬೆದೆಗಾಲಕ್ಕೆ ಹತ್ತಕ್ಕೆ ಎಷ್ಟು?

ಇಪ್ಪತ್ತೆರಡು ವರ್ಷ ಜೀವಶಾಸ್ತ್ರ ಪಾಠ ಮಾಡಿದ್ದೇನೆ. ಅಷ್ಟೂ ವರ್ಷ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ "ಇದು ಸುಲಭ ಇದೆ, ಮನೇಲಿ ಓದ್ಕೊಳ್ಳಿ" ಎಂದು ಮುಂದಿನ ಪಾಠಕ್ಕೆ ಹಾರಿದ್ದೇನೆ. ಇಂಥ ಅನುಭವಸ್ಥನನ್ನು ಬಿಟ್ಟು ಇನ್ಯಾರನ್ನು ಕರೆದಾರು? ಹೋದ ವರ್ಷ ಸೊರಬದಲ್ಲಿ ನಡೆದ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ನಾನೇ ತೀರ್ಪುಗಾರ. ಶಿರಾಳಕೊಪ್ಪದಿಂದ ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದೆ. ಜೊತೆಗೆ ನನಗಿಂತ ಹಿರಿಯ ಮೇಷ್ಟ್ರು ಇನ್ನಿಬ್ಬರು. ಮೊದಲ ಬಹುಮಾನ ಪಡೆದ ಮಗು ಶಿವಮೊಗ್ಗದ ಪ್ರದರ್ಶನಕ್ಕೆ ಹೋಗುತ್ತಿತ್ತು.

ಮಕ್ಕಳು ಮಣ್ಣಿನಲ್ಲಿ ಮಾಡಿದ ಐದು ಜ್ವಾಲಾಮುಖಿಗಳನ್ನು ದಾಟಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಮುಂದೆ ನಿಂತೆವು. ಕುಪ್ಪಗಡ್ಡೆ ಕಡೆಯ ಕುರಿ ಸಾಕುವವರ ಮಗಳು. "ಈ ಸಲ ಶಿವಮೊಗ್ಗಕ್ಕೆ ಹೋಗೇ ಹೋಗ್ತೀನಿ ಸಾರ್" ಎಂದಳು. ಚಾರ್ಟಿನ ಮೇಲೆ ದುಂಡಗಿನ ಅಕ್ಷರದಲ್ಲಿ 'ಶಾರ್ಕುಗಳು ಕೂಡುವ ಕಾಲ' ಎಂದಿತ್ತು. ನಮ್ಮ ಮೂವರಿಗೂ ಒಟ್ಟಿಗೇ ಕೆಮ್ಮು ಬಂತು.

ಕೆಲವು ಜಾತಿಯ ಶಾರ್ಕುಗಳು ವರ್ಷವರ್ಷವೂ ಅದೇ ಋತುವಿಗೆ ದಡದ ಹತ್ತಿರ ಬರುತ್ತವಂತೆ. ಗಂಡು ಹೆಣ್ಣಿನ ಈಜುರೆಕ್ಕೆಯನ್ನು ಕಚ್ಚಿ ಹಿಡಿಯುತ್ತದಂತೆ. ಬೇಡವೆನಿಸಿದರೆ ಹೆಣ್ಣು ಆಳವೇ ಇಲ್ಲದ ನೀರಿಗೆ ಸರಿದುಬಿಡುತ್ತದಂತೆ. ಹುಡುಗಿ ಪಟಪಟನೆ ಹೇಳುತ್ತಿದ್ದರೆ ಹಿರಿಯರೊಬ್ಬರು ಫ್ಯಾನು ನೋಡುತ್ತಿದ್ದರು. ಇನ್ನೊಬ್ಬರು "ಸಮುದ್ರದ ನೀರು ಉಪ್ಪು ಯಾಕಮ್ಮಾ?" ಎಂದರು. ನಾನು "ಚಾರ್ಟಿಗೆ ಯಾವ ಗೋಂದು ಹಾಕಿದ್ದೀ?" ಎಂದೆ.

ಕೇಳಬೇಕಾದ್ದನ್ನು ಕೇಳಿದವನು ಪಕ್ಕದಲ್ಲೇ ನಿಂತಿದ್ದ ಅವಳ ಅಪ್ಪ.

"ಎಷ್ಟು ತಿಂಗ್ಳಿಗೆ ಮರಿ ಹಾಕ್ತಾವವ್ವಾ?"

"ಕೆಲವಕ್ಕೆ ವರ್ಷ ಬೇಕಪ್ಪಾ."

"ಅಬ್ಬಾ! ನಮ್ ಕುರಿಗೆ ಐದೇ ತಿಂಗ್ಳು. ಹಂಗಾರೆ ಮರುವರ್ಷ ಬೆದೆಗೆ ಬರಲ್ಲೇನು?"

"ಸುಮಾರು ಹೆಣ್ಣು ಬರಲ್ಲ, ಸುಧಾರಿಸ್ಕೊಳ್ತಾವೆ."

"ಹಂಗಾರೆ ಆ ಕಾಲ್ದಾಗೆ ಬಲೆ ಹಾಕ್ಬಾರ್ದು ಬಿಡು" ಎಂದ. ಚಾರ್ಟಿನ ಕೊನೆಯ ಸಾಲೂ ಅದೇ ಆಗಿತ್ತು. ನಾವು ಅಲ್ಲಿಯತನಕ ಓದಿರಲಿಲ್ಲ.

ಬಹುಮಾನ ಆರನೇ ಜ್ವಾಲಾಮುಖಿಗೆ ಹೋಯಿತು. ಶಾರ್ಕಿಗೆ ಹತ್ತಕ್ಕೆ ಮೂರು. 'ವಿಷಯ ವಯಸ್ಸಿಗೆ ತಕ್ಕದ್ದಲ್ಲ' ಎಂದು ನಾನೇ ಷರಾ ಬರೆದೆ. ಯಾರ ವಯಸ್ಸಿಗೆ ಎಂದು ಬರೆಯಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಮಗಳು ಸಿಕ್ಕರು. ಅತ್ತು ಅವಳ ಮುಖ ಊದಿಕೊಂಡಿತ್ತು. ಅಪ್ಪ ಕೈಮುಗಿದ. "ನಾವು ಓದ್ದೋರಲ್ಲ ಮೇಷ್ಟ್ರೇ. ಎಲ್ಲಿ ತಪ್ಪಾತು ಒಂಚೂರು ತೋರಿಸ್ರಿ, ತಿದ್ಕೋತಾಳೆ" ಎಂದು ಚಾರ್ಟು ಬಿಚ್ಚಿದ.

ಮೇಲಿಂದ ಕೆಳಗೆ ಓದಿದೆ, ಮೊದಲ ಸಲ. ಒಂದೇ ಒಂದು ತಪ್ಪು ಸಿಗಲಿಲ್ಲ. ಅದನ್ನು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಜೇಬಿನಿಂದ ಕೆಂಪು ಪೆನ್ನು ತೆಗೆದು, ಹೆಣ್ಣು ಸರಿದುಹೋಗುವ ಸಾಲಿನ ಕೆಳಗೆ ಗೆರೆ ಎಳೆದೆ.

"ಅದು ಸರಿ ಇದೆ ಸಾರ್" ಎಂದಳು ಹುಡುಗಿ.

"ಸುಮ್ನಿರು, ಮೇಷ್ಟ್ರಿಗೆ ಗೊತ್ತಿರಲ್ವಾ?" ಎಂದು ಅಪ್ಪ ಅವಳನ್ನೇ ಗದರಿದ. ನಾನು ಬಸ್ಸು ಹತ್ತಿದೆ.