ಬೆನ್ನು ಬಾಗಿದ ಪದ್ಯ

ಮೂಟೆ ಹೊರುವವನಿಗೆ ಪದ್ಯ ಯಾಕೆ ಎಂದು ಕೇಳುವವರಿದ್ದಾರೆ. ಮೂಟೆ ಹೊರದವರು ಬರೆದದ್ದು ಸಾಕಷ್ಟಾಯಿತಲ್ಲ, ಅದಕ್ಕೆ. ಕೊಪ್ಪದ ಗೋದಾಮಿನಲ್ಲಿ ಹಮಾಲಿ ಕೆಲಸ ನನ್ನದು. ಅಕ್ಕಿ, ಗೊಬ್ಬರ, ಸಿಮೆಂಟು, ಬಂದದ್ದೆಲ್ಲ ಹೊತ್ತಿದ್ದೇನೆ. ಒಂದು ಲಾರಿ ಹೋಗಿ ಇನ್ನೊಂದು ಬರುವುದರೊಳಗೆ ನಾಲ್ಕು ಸಾಲು ಬರೆಯುತ್ತೇನೆ. ಸುಖವಾಗಿದ್ದೇನೆ ಎಂದೇ ಹೇಳಬೇಕು.

ಕೆಲವು ವರ್ಷಗಳ ಹಿಂದೆ, ಮೇ ದಿನದ ಸಭೆಯಲ್ಲಿ ಪದ್ಯ ಓದು ಎಂದು ನಮ್ಮ ಹಮಾಲರ ಸಂಘದವರು ಮೊದಲ ಸಲ ಹೇಳಿದರು. ಶೃಂಗೇರಿ, ಎನ್.ಆರ್. ಪುರದ ಹಮಾಲರೂ ಬರುವವರಿದ್ದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಲೈಬ್ರರಿಯ ಪುಸ್ತಕಗಳನ್ನೆಲ್ಲ ತಿರುವಿಹಾಕಿ, 'ಓ ಬಾಗಿದ ಬೆನ್ನುಗಳೇ' ಎಂದು ಶುರುಮಾಡಿ ಮೂರು ಪುಟ ಬರೆದೆ. ನಮ್ಮ ಗ್ಯಾಂಗಿನ ಹಿರಿಯರೊಬ್ಬರಿಗೆ ಮೊದಲು ಓದಿ ಹೇಳಿದೆ. ಕಮ್ಮರಡಿ ಕಡೆಯವರು, ನನಗೆ ಮೂಟೆ ಹೊರುವುದನ್ನು ಕಲಿಸಿದವರು. ಅವರು ಒಪ್ಪದೆ ಮೈಕಿನ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ.

ಅವರು ಬೀಡಿ ಆರಿಸಿದರು. "ಎಂತ ಮಾರಾಯ, ಯಾರ ಬೆನ್ನು ಬಾಗಿದ್ದು?"

"ನಮ್ದೇ, ಅಣ್ಣ."

"ಬೆನ್ನು ಬಗ್ಗಿಸ್ಕೊಂಡು ಲಾರಿ ಹಲಗೆ ಹತ್ತು ನೋಡಾಣ. ಮೊದ್ಲು ಮೂಟೆ ಬೀಳ್ತದೆ, ಹಿಂದೇ ನೀನು. ನಾನು ಹಂಗೆ ಕಲಿಸಿದ್ನಾ ನಿಂಗೆ?"

ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಲೆಯ ಮೇಲೆ ಮೂಟೆ ಇದ್ದಾಗ ಕತ್ತು, ಬೆನ್ನು ನೆಟ್ಟಗಿಟ್ಟು, ಎದುರಿಗೇ ನೋಡುತ್ತ ಲಾರಿಗೆ ಒರಗಿಸಿದ ಹಲಗೆ ಹತ್ತಬೇಕು. ನಾನು ಕಲಿತ ಮೊದಲ ಪಾಠವೇ ಅದು. ದಿನಾ ಹೊರುವ ನಾನೇ ಹೊರದವರ ಹಾಗೆ ಬರೆದಿದ್ದೆ.

ಮೂರೂ ಪುಟ ಹರಿದು ಹಾಕಿದೆ. ಹಲಗೆ ಹತ್ತುವ ಬಗೆಯನ್ನಷ್ಟೇ ಎಂಟು ಸಾಲಿನಲ್ಲಿ ಬರೆದೆ. ಸಭೆಯಲ್ಲಿ ಅದನ್ನೇ ಓದಿದೆ. ಎದುರಿಗೆ ಕೂತ ಎನ್.ಆರ್. ಪುರದವರು ಕೂತಲ್ಲೇ ಕತ್ತು ನೆಟ್ಟಗೆ ಮಾಡಿಕೊಂಡದ್ದನ್ನು ನೋಡಿದೆ. ಜೋರು ಚಪ್ಪಾಳೆ ಬಿತ್ತು. ನಮ್ಮ ಹಿರಿಯರು ಮಾತ್ರ ಕೈ ತಟ್ಟಲಿಲ್ಲ. ನನ್ನ ಅರ್ಧ ಖುಷಿ ಅಲ್ಲೇ ಇಳಿಯಿತು.

ಸಭೆ ಮುಗಿದ ಮೇಲೆ ಅವರೇ ಬಂದು ಕೈ ಚಾಚಿದರು. "ಆ ಕಾಗದ ಕೊಡು."

"ನಿಮಗೆ ಓದಕ್ಕೆ ಬರಲ್ವಲ್ಲ, ಅಣ್ಣ?"

"ಮೊಮ್ಮಗಳಿಗೆ ಬರ್ತದೆ. ಅಜ್ಜ ಎಂತ ಕೆಲಸ ಮಾಡ್ದ ಅಂತ ಓದ್ಲಿ ಅವಳು."

ಟವೆಲ್ಲನ್ನು ಸಿಂಬೆ ಸುತ್ತಿ, ಅದರ ಮಡಿಕೆಯಲ್ಲಿ ಕಾಗದ ಸಿಕ್ಕಿಸಿ ತಲೆಯ ಮೇಲಿಟ್ಟುಕೊಂಡರು. ಹೊರಲು ಮೂಟೆಯಿಲ್ಲದಿದ್ದರೂ ಹಲಗೆ ಹತ್ತುವವರ ಹಾಗೇ ಬಸ್ಸಿನ ಕಡೆ ನಡೆದರು.