ಚೌಡಪ್ಪನವರ ಹೊಲದ ನಾಲ್ಕು ಗೂಟ

ಮೊನ್ನೆ ನಮ್ಮ ಮನೆಯ ಬಟ್ಟೆ ಒಣಹಾಕುವ ತಂತಿ ತುಂಡಾಯಿತು. ನನ್ನ ಹೆಂಡತಿ ಒದ್ದೆ ಸೀರೆಯನ್ನು ಹೆಗಲಿಗೆ ಹಾಕಿಕೊಂಡು, "ಅಟ್ಟದ ಮೇಲಿನ ಟ್ರಂಕಲ್ಲಿ ನಿಮ್ಮ ಆಫೀಸಿನ ಹಗ್ಗ ಇರ್ಬೇಕು, ನೋಡಿ" ಎಂದಳು. ನಿವೃತ್ತಿಯಾದ ಮೇಲೆ ಮೇಲಕ್ಕೆ ಹೋಗುವ ಅವಕಾಶ ನನಗೆ ಉಳಿದಿರುವುದು ಅಟ್ಟಕ್ಕೆ ಮಾತ್ರ. ಹತ್ತಿದೆ. ಟ್ರಂಕಿನಲ್ಲಿ ನಾಲ್ಕು ಕಬ್ಬಿಣದ ಗೂಟಗಳೂ ಒಂದು ಸುರುಳಿ ನೈಲಾನ್ ಹಗ್ಗವೂ ಇದ್ದವು. ಕಚೇರಿಗೆ ಹಿಂದಿರುಗಿಸಬೇಕಾಗಿದ್ದ ಸಾಮಾನು. ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಹಗ್ಗವನ್ನು ಬಿಚ್ಚುತ್ತಾ ಹೋದಂತೆ ಬೆರಳಿಗೆ ಒಂದು ಗಂಟು ಸಿಕ್ಕಿತು. ಅದು ನಾನು ಹಾಕಿದ ಗಂಟಲ್ಲ. ದನ ಕಟ್ಟುವ ಹಗ್ಗಕ್ಕೆ ಹಾಕುವ ಗಂಟು. ಅಲ್ಲೇ ಧೂಳಿನಲ್ಲಿ ಕುಳಿತುಬಿಟ್ಟೆ.

ಕೆಳಗೆ ಟೀವಿ ಒದರುತ್ತಿತ್ತು. ಚೀನಾದ ಬೆಳವಣಿಗೆ ಈ ವರ್ಷವೂ ಅವರ ಸರ್ಕಾರ ಇಟ್ಟುಕೊಂಡಿದ್ದ ಗುರಿಗೇ ಸರಿಯಾಗಿ ಬಂದು ನಿಂತಿದೆಯಂತೆ. ಚರ್ಚೆಗೆ ಕುಳಿತ ಪಂಡಿತರೊಬ್ಬರು ನಗುತ್ತಿದ್ದರು. ಒಂದು ಕಾಲದಲ್ಲಿ ಅಲ್ಲಿಯ ಪ್ರಾಂತ್ಯಗಳ ಲೆಕ್ಕವನ್ನೆಲ್ಲ ಕೂಡಿದರೆ ಇಡೀ ದೇಶದ ಲೆಕ್ಕಕ್ಕಿಂತ ಹೆಚ್ಚಾಗುತ್ತಿತ್ತು, ಅದಕ್ಕೇ ಹೊರಗಿನವರು ಅವರ ಅಂಕಿಯನ್ನು ನಂಬದೆ ಎಷ್ಟು ಕರೆಂಟು ಉರಿಯಿತು, ಎಷ್ಟು ಸಾಮಾನು ರೈಲಿನಲ್ಲಿ ಹೋಯಿತು ಎಂದು ನೋಡಿ ಅಂದಾಜು ಮಾಡುತ್ತಾರೆ ಎಂದರು. ಇಂಥ ಮಾತು ಕೇಳಿದಾಗ ಮೊದಲೆಲ್ಲ ನಾನೂ ನಗುತ್ತಿದ್ದೆ. ಕೋಲಾರದ ಬಸ್ ನಿಲ್ದಾಣದ ಹತ್ತಿರ ಟೀ ಕುಡಿಯುತ್ತಾ, ಚೀನಾದವರ ಸುಳ್ಳಿನ ಮೇಲೆ ಭಾಷಣ ಮಾಡಿದವನು ನಾನು. ಆ ಗಂಟು ಕೈಯಲ್ಲಿದ್ದಾಗ ನಗು ಬರಲಿಲ್ಲ.

ನನ್ನ ಕೆಲಸ ಏನಿತ್ತೆಂದು ನಿಮಗೆ ಹೇಳಬೇಕು. ದೇಶ ಈ ವರ್ಷ ಇಷ್ಟು ಬೆಳೆಯಿತು ಎಂದು ಪೇಪರಿನಲ್ಲಿ ಒಂದು ಅಂಕಿ ಬರುತ್ತದಲ್ಲ, ಅದು ಆಕಾಶದಿಂದ ಉದುರುವುದಿಲ್ಲ. ಅದರೊಳಗೆ ಕಾರ್ಖಾನೆಯ ಲೆಕ್ಕವಿದೆ, ಅಂಗಡಿಯ ಲೆಕ್ಕವಿದೆ, ಒಂದು ಮೂಲೆಯಲ್ಲಿ ರಾಗಿಯ ಲೆಕ್ಕವೂ ಇದೆ. ಎಲ್ಲ ಹೊಲದ ರಾಗಿಯನ್ನೂ ಯಾರೂ ತೂಗಲಾರರು. ಅದಕ್ಕೆ ಪಂಚಾಯ್ತಿಗೆ ನಾಲ್ಕು ಹೊಲ ಆರಿಸುತ್ತಾರೆ. ಆರಿಸುವುದು ಚೀಟಿ ಎತ್ತಿದ ಹಾಗೆ, ಮುಖ ನೋಡಿ ಅಲ್ಲ. ಹೊಲದ ಒಂದು ಮೂಲೆಯಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ಎಂದು ಕಾಗದದಲ್ಲಿ ಬರೆದಿರುತ್ತದೆ. ಹೆಜ್ಜೆ ಎಲ್ಲಿ ನಿಂತಿತೋ ಅಲ್ಲಿ ಗೂಟ ಹೊಡೆದು, ಐದು ಮೀಟರಿನ ಚೌಕಕ್ಕೆ ಹಗ್ಗ ಕಟ್ಟಿ, ಅದರೊಳಗಿನ ಪೈರನ್ನಷ್ಟೇ ಕೊಯ್ದು, ಬಡಿದು, ತೂಗಬೇಕು. ಈಗ ಮೊಬೈಲಿನಲ್ಲಿ ಫೋಟೋ ಹಿಡಿದು ಜಾಗದ ಗುರುತು ಕಳಿಸುತ್ತಾರಂತೆ. ಆಗ ಇದ್ದದ್ದು ಗೂಟ, ಹಗ್ಗ ಮತ್ತು ನಾನು. ಮೂರರಲ್ಲಿ ಗೂಟವನ್ನೇ ಹೆಚ್ಚು ನಂಬಬಹುದಿತ್ತು.

ಆ ವರ್ಷ ಹೋಳೂರಿನಾಚೆಯ ಒಂದು ಹಳ್ಳಿಯಲ್ಲಿ ಚೌಡಪ್ಪನವರ ಹೊಲ ಬಂದಿತ್ತು. ಚೌಡಪ್ಪ ನನಗಿಂತ ಹದಿನೈದು ವರ್ಷ ದೊಡ್ಡವರು, ನೆಟ್ಟಗೆ ನಿಲ್ಲುವ ಮನುಷ್ಯ. ನಾನು ಬರುತ್ತೇನೆಂದು ಬಿಳಿ ಅಂಗಿ ಹಾಕಿಕೊಂಡು ಬದುವಿನ ಮೇಲೆ ಕಾಯುತ್ತಿದ್ದರು. ಪಕ್ಕದ ಹೊಲ ಅವರ ತಂಗಿ ಪಾಪಮ್ಮನದು. ಗಂಡ ತೀರಿಕೊಂಡ ಮೇಲೆ ಅಣ್ಣನ ಆಸರೆಗೆಂದು ತವರಿಗೆ ಬಂದು, ತಂದೆ ಕೊಟ್ಟ ಒಂದು ತುಂಡು ನೆಲದಲ್ಲಿ ಬೆಳೆದುಕೊಂಡು ತಿನ್ನುತ್ತಿದ್ದಳು. ಆ ಸಲ ರಾಗಿ ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತ್ತು. ಪಾಪಮ್ಮನ ಹೊಲದಲ್ಲಿ ದನ ಮೇಯಿಸುವಷ್ಟು ಹುಲ್ಲಿತ್ತೇ ಹೊರತು ತೆನೆ ಇರಲಿಲ್ಲ. ಚೌಡಪ್ಪನವರ ಹೊಲ ಬಾವಿಯ ಕಡೆಗೆ ಹಸಿರಾಗಿ, ಆಚೆ ಬದಿಗೆ ಬೋಳಾಗಿತ್ತು.

ನಾನು ಹೆಜ್ಜೆ ಹಾಕಿದೆ. ಹೆಜ್ಜೆ ಹೋಗಿ ನಿಂತದ್ದು ಆ ಬೋಳು ಜಾಗದ ಮಧ್ಯದಲ್ಲಿ. ಗೂಟ ಹೊಡೆಯುವಾಗ ಚೌಡಪ್ಪನವರ ಮುಖ ಸಣ್ಣದಾಯಿತು.

"ಸಾರ್, ಇಲ್ಲಿ ಬ್ಯಾಡ. ಆ ಕಡೆ ಬನ್ನಿ, ಬಾವಿ ಹತ್ರ."

"ಹಾಗೆಲ್ಲ ಜಾಗ ಬದಲಾಯಿಸೋ ಹಾಗಿಲ್ಲ, ಚೌಡಪ್ಪನೋರೆ. ಕಾಗದ ಹೇಳಿದ ಕಡೇನೇ ಹೊಡೀಬೇಕು."

"ಹೆಣ್ಣು ನೋಡಕ್ ಬಂದೋರಿಗೆ ಯಾರಾದ್ರೂ ಹಿತ್ತಿಲು ತೋರಿಸ್ತಾರಾ ಸಾರ್? ಈ ಲೆಕ್ಕ ಎಲ್ಲಿಗೋಗುತ್ತೆ?"

ಆಗ ನನಗೆ ಹುಮ್ಮಸ್ಸು ಬಂತು. ಓದಿದ್ದನ್ನು ಹೇಳಲು ಯಾರಾದರೂ ಸಿಕ್ಕರೆ ಬಿಡುವ ಜಾತಿಯಲ್ಲ ನಾನು. ಈ ತೂಕ ಕೋಲಾರಕ್ಕೆ ಹೋಗುತ್ತದೆ, ಅಲ್ಲಿಂದ ಬೆಂಗಳೂರು, ಅಲ್ಲಿಂದ ದಿಲ್ಲಿ. ಎಲ್ಲ ಸೇರಿ ದೇಶದ ಲೆಕ್ಕವಾಗುತ್ತದೆ, ಅದನ್ನು ಪ್ರಪಂಚವೆಲ್ಲ ನೋಡುತ್ತದೆ, ಚೀನಾದ ಪಕ್ಕದಲ್ಲಿಟ್ಟು ತೂಗುತ್ತದೆ ಎಂದೆ. ಚೀನಾ ಅವರಿಗೆ ಗೊತ್ತಿತ್ತು. ಅವರ ಟಾರ್ಚು, ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವ ಪಂಪು, ದೇವರ ಪಟದ ಸುತ್ತ ಮಿಣಮಿಣ ಎನ್ನುವ ದೀಪದ ಸರ, ಎಲ್ಲ ಅಲ್ಲಿಯದೇ.

"ಚೀನಾದೋರೂ ನೋಡ್ತಾರಾ?" ಎಂದು ಕೇಳಿ ಬಾವಿಯ ಕಡೆಗೊಮ್ಮೆ ನೋಡಿದರು. ಆಮೇಲೆ, "ಬಿಸಿಲಾಯ್ತು. ಊಟ ಮಾಡ್ಕೊಂಡು ಬಂದು ಕೊಯ್ಯಣ, ಬನ್ನಿ ಸಾರ್" ಎಂದರು.

ಅವರ ಹೆಂಡತಿ ಮುನೆಮ್ಮ ಮುದ್ದೆ, ಬಸ್ಸಾರು ಮಾಡಿದ್ದರು. ಚೌಡಪ್ಪ ಕೈ ತೊಳೆದವರು, ದನಕ್ಕೆ ನೀರು ತೋರಿಸಿ ಬರುತ್ತೇನೆಂದು ಎದ್ದು ಹೋದರು. ನಾನು ಊಟ ಮಾಡುತ್ತಾ ಮುನೆಮ್ಮನಿಗೂ ಪಾಠ ಶುರು ಮಾಡಿದೆ. ನೀವು ಬೆಳೆದು ಮನೆಗಿಟ್ಟುಕೊಂಡ ರಾಗಿಯೂ ದೇಶದ ಲೆಕ್ಕಕ್ಕೆ ಬರುತ್ತದೆ, ಆದರೆ ಅದನ್ನು ಮುದ್ದೆ ಮಾಡುವ ನಿಮ್ಮ ಕೆಲಸ ಬರುವುದಿಲ್ಲ, ಅದೇ ಮುದ್ದೆಯನ್ನು ಹೋಟೆಲಿನಲ್ಲಿ ಮಾರಿದರೆ ಬರುತ್ತದೆ ಎಂದೆ.

"ಅಯ್ಯೋ ದೇವುಡಾ! ಮೂವತ್ತು ವರ್ಷದಿಂದ ಮುದ್ದೆ ತೊಳಸ್ತಿದೀನಿ. ಅದೆಲ್ಲಾ ಎಲ್ಲಿಗೋಯ್ತು?"

"ಎಲ್ಲಿಗೂ ಹೋಗಲಿಲ್ಲಮ್ಮ. ಬರೀಲೇ ಇಲ್ಲ ಅಷ್ಟೆ."

"ಇನ್ನೊಂದು ಮುದ್ದೆ ಹಾಕ್ತೀನಿ, ಅದನ್ನಾದ್ರೂ ಬರ್ಕೊಳ್ಳಿ" ಎಂದು ನಗುತ್ತಾ ತಟ್ಟೆಗೆ ಹಾಕಿದರು. ನಾನು ಬೇಡ ಎನ್ನಲಿಲ್ಲ. ಬೇಡ ಎನ್ನುವ ಅಭ್ಯಾಸ ಮೊದಲಿನಿಂದಲೂ ಇಲ್ಲ.

ಹೊಲಕ್ಕೆ ಬಂದಾಗ ಗೂಟಗಳು ಬಾವಿಯ ಹತ್ತಿರ ಇದ್ದವು. ಹಗ್ಗ ಬಿಗಿಯಾಗಿ ಕಟ್ಟಿತ್ತು, ಅದರಲ್ಲಿ ಈ ದನದ ಗಂಟು. ಒಳಗೆ ರಾಗಿ ತೆನೆ ಬಾಗಿ ನಿಂತಿತ್ತು. ಚೌಡಪ್ಪ ಕುಡುಗೋಲು ಹಿಡಿದುಕೊಂಡು ನನ್ನ ಮುಖ ನೋಡದೆ ಆಕಾಶ ನೋಡುತ್ತಿದ್ದರು. ನನಗೆ ತಿಳಿಯಲಿಲ್ಲವೆಂದಲ್ಲ. ಎರಡು ಮುದ್ದೆ ಹೊಟ್ಟೆಯಲ್ಲಿತ್ತು, ಬಿಸಿಲಿತ್ತು, ಸಂಜೆಯ ಬಸ್ಸಿತ್ತು. ಒಂದು ಚೌಕದಿಂದ ದೇಶಕ್ಕೇನಾದೀತು ಎಂದುಕೊಂಡೆ. ಕೊಯ್ದರು, ಬಡಿದರು, ತೂಗಿದೆ. ತಕ್ಕಡಿಯ ತಟ್ಟೆ ಧಡಕ್ಕನೆ ಕೆಳಗಿಳಿದಾಗ ಅವರ ಮುಖ ಅರಳಿತು. "ಬರ್ಕೊಳ್ಳಿ ಸಾರ್. ನಮ್ಮೂರಿಗೇನು ಕಮ್ಮಿ" ಎಂದರು. ಬರೆದುಕೊಂಡೆ. ಸಹಿಯನ್ನೂ ಮಾಡಿದೆ.

ಅದೇ ತೂಕದ ಮೇಲೆ ಇನ್ನೊಂದು ವಿಷಯವೂ ನಿಂತಿತ್ತು. ಬೆಳೆ ವಿಮೆ ಕೊಡುವುದೂ ಈ ನಾಲ್ಕು ಚೌಕಗಳನ್ನು ನೋಡಿಯೇ. ಪಂಚಾಯ್ತಿಯ ಸರಾಸರಿ ಇಳುವರಿ ಸರ್ಕಾರ ಗೊತ್ತುಮಾಡಿದ ಗೆರೆಯ ಕೆಳಗಿದ್ದರೆ ವಿಮೆ ಕಟ್ಟಿದವರಿಗೆಲ್ಲ ಪರಿಹಾರ, ಮೇಲಿದ್ದರೆ ಯಾರಿಗೂ ಇಲ್ಲ. ಇದು ನನಗೆ ಗೊತ್ತಿತ್ತು, ಚೌಡಪ್ಪನವರಿಗೆ ಗೊತ್ತಿರಲಿಲ್ಲ. ದೇಶದೇಶಗಳ ಲೆಕ್ಕ ಹೇಳಿದವನು ಅದೊಂದನ್ನು ಹೇಳಿರಲಿಲ್ಲ. ಉಳಿದ ಮೂರು ಚೌಕಗಳಲ್ಲಿ ರಾಗಿ ಸೊರಗಿತ್ತು. ಚೌಡಪ್ಪನವರ ಚೌಕವೊಂದೇ ಇಡೀ ಪಂಚಾಯ್ತಿಯನ್ನು ಎತ್ತಿ ಗೆರೆಯ ಮೇಲೆ, ಕೂದಲೆಳೆಯಷ್ಟು ಮೇಲೆ, ಕೂರಿಸಿತು.

ಪಾಪಮ್ಮ ವಿಮೆ ಕಟ್ಟಿದ್ದಳು. ಬಂದೇ ಬರುತ್ತದೆ, ಮುಂದಿನ ಬಿತ್ತನೆಯವರೆಗೆ ಅದರಲ್ಲೇ ಕಾಲ ಹಾಕುತ್ತೇನೆ ಎಂದುಕೊಂಡಿದ್ದಳಂತೆ. ಬರಲಿಲ್ಲ. ಅಣ್ಣ ಇರು ಎಂದರೂ ಅವರ ಮನೆಯ ಕಣಜಕ್ಕೆ ಕೈ ಹಾಕಲು ಮನಸ್ಸು ಒಪ್ಪದೆ, ಮಾಲೂರಿನ ಕಡೆಯ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೋದಳು. ಹೊಲ ಬೀಳು ಬಿತ್ತು. ಇಲ್ಲೊಂದು ತಮಾಷೆ ಇದೆ, ನಗುವ ಹಾಗಿಲ್ಲ. ಪಾಪಮ್ಮ ಹೊತ್ತ ಇಟ್ಟಿಗೆ ದೇಶದ ಲೆಕ್ಕದಲ್ಲಿ ಅವಳ ರಾಗಿಗಿಂತ ಹೆಚ್ಚು ಬೆಲೆಯದು. ನಮ್ಮ ಕಾಗದದ ಪ್ರಕಾರ ಅವಳು ಊರು ಬಿಟ್ಟದ್ದೂ ಬೆಳವಣಿಗೆಯೇ.

ಅವಳು ಹೋದ ವಾರದಲ್ಲೇ ಚೌಡಪ್ಪ ಕಚೇರಿಗೆ ಬಂದರು. ವಿಮೆ ತಪ್ಪಿದ್ದು ತಮ್ಮ ಚೌಕದಿಂದಲೇ ಎಂದು ಬ್ಯಾಂಕಿನಲ್ಲಿ ಯಾರೋ ಹೇಳಿದ್ದರಂತೆ. ಅದೇ ಬಿಳಿ ಅಂಗಿ. ಕಂಕುಳಲ್ಲಿ ಒಂದು ಸಣ್ಣ ಬಟ್ಟೆಯ ಚೀಲ. ನನ್ನ ಮೇಜಿನ ಮುಂದೆ ನಿಂತು, ದನಿ ತಗ್ಗಿಸಿ ಹೇಳಿದರು.

"ಸಾರ್, ಆವತ್ತು ಗೂಟ ಕಿತ್ತಿದ್ದು ನಾನೇ. ತಿದ್ದಿಬಿಡಿ. ಏನ್ ಬರೀಬೇಕೋ ಬರೀರಿ, ನಾನೇ ಹೆಬ್ಬೆಟ್ಟು ಒತ್ತುತೀನಿ."

ಪಕ್ಕದ ಮೇಜಿನಲ್ಲಿ ನಮ್ಮ ಸಾಹೇಬರಿದ್ದರು. ತಿದ್ದಿದರೆ ಮೊದಲು ಬರೆದವನು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ನಾನು ಫೈಲಿನಿಂದ ತಲೆ ಎತ್ತದೆ, "ಯಾವ ಗೂಟ ಚೌಡಪ್ಪನೋರೆ? ಗೂಟ ಇದ್ದ ಕಡೇನೇ ಇತ್ತಲ್ಲ" ಎಂದೆ.

"ಇದ್ದ ಕಡೇನೇ ಇತ್ತಾ ಸಾರ್?"

"ಇತ್ತು. ನಾನೇ ನೋಡಿದೀನಿ."

ಸಾಹೇಬರು ಯಾರದು ಎಂದು ಈ ಕಡೆ ತಿರುಗಿದಾಗ, ಚೌಡಪ್ಪ ಚೀಲವನ್ನು ಮೇಜಿನ ಮೇಲಿಟ್ಟು, "ಇದನ್ನ ನೀವೇ ನೋಡಿ ಸಾರ್" ಎಂದಷ್ಟೇ ಹೇಳಿ ಹೊರಟುಹೋದರು. ಚೀಲದಲ್ಲಿ ರಾಗಿ ಇತ್ತು. ಹಳ್ಳಿಯವರು ಬಂದಾಗ ಏನಾದರೂ ತರುವುದು ರೂಢಿ. ಮನೆಗೆ ತಂದುಕೊಟ್ಟೆ. ನನ್ನ ಹೆಂಡತಿ ಚೀಲ ಎತ್ತಿ ನೋಡಿ, "ಇಷ್ಟೇನಾ? ಅಷ್ಟು ದೊಡ್ಡ ಹೊಲ ಅಂತೀರಾ, ಎರಡು ಹೊತ್ತಿಗೂ ಸಾಲಲ್ಲ" ಎಂದಳು. "ಜುಗ್ಗ ಕಣೇ" ಎಂದೆ. ಹೌದು, ಹಾಗೆಂದೆ.

ಆಮೇಲೆ ನಾನು ಆ ಊರಿನ ಕಡೆ ಹೋಗಲಿಲ್ಲ. ಬೇರೆ ಹೋಬಳಿ ಕೇಳಿ ಪಡೆದುಕೊಂಡೆ. ಗುರಿ ಮುಟ್ಟಲೆಂದು ಅಂಕಿ ಏರಿಸಿದ ಚೀನಾದ ಅಧಿಕಾರಿಗಳ ಸುದ್ದಿ ಬಂದಾಗಲೆಲ್ಲ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ಬೇರೆಯವರ ದೊಡ್ಡ ಸುಳ್ಳು ಕೈಗೆ ಸಿಕ್ಕರೆ ನಮ್ಮ ಚಿಕ್ಕದು ಹಗುರವಾದಂತೆ ಅನಿಸುತ್ತದೆ. ಎಲ್ಲೋ ಒಬ್ಬ ಚೀನೀ ಗುಮಾಸ್ತನೂ ಹೊಟ್ಟೆ ತುಂಬಿದ ಮಧ್ಯಾಹ್ನ ಸರಿದ ಗೂಟವನ್ನು ಕಂಡೂ ಕಾಣದವನಂತೆ ನಿಂತಿದ್ದಿರಬಹುದು ಎಂದು ನನಗೆ ಹೊಳೆದದ್ದು ಮೊನ್ನೆ, ಅಟ್ಟದ ಮೇಲೆ.

ನಿನ್ನೆ ಬಸ್ಸು ಹತ್ತಿ ಹೋದೆ. ಚೌಡಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಮುನೆಮ್ಮ ಜಗಲಿಯಲ್ಲಿ ಸೊಸೆಯ ಜೊತೆ ಅವರೆಕಾಯಿ ಸುಲಿಯುತ್ತಿದ್ದರು. ಗುರುತು ಹಿಡಿದು, ಚಾಪೆ ಹಾಕಿಸಿ ಕೂರಿಸಿದರು. ಪಾಪಮ್ಮನನ್ನು ಕೇಳಿದೆ. ಗೂಡಿನ ಧೂಳಿಗೆ ಎದೆ ಕೆಟ್ಟು ಮಾಲೂರಿನಲ್ಲೇ ತೀರಿಹೋದಳು ಎಂದರು. ಆದರೂ ಹೇಳಲು ಹೋಗಿದ್ದನ್ನು ಹೇಳಿದೆ: ಗೂಟ ಸರಿದದ್ದು ನನಗೆ ಆವತ್ತೇ ಗೊತ್ತಿತ್ತು, ಗೊತ್ತಿದ್ದೂ ಸಹಿ ಹಾಕಿದೆ.

"ನಂಗೂ ಗೊತ್ತಿತ್ತು ಸಾರ್. ಗೂಟ ಕಿತ್ಕೊಂಡ್ ಬರೋಗಂಟ ನಿಮ್ಮನ್ನ ಕೂರಿಸ್ಕೊ ಅಂತ ನಮ್ಮೋರು ಕಣ್ಸನ್ನೆ ಮಾಡಿ ಹೋದ್ರು. ಅದಕ್ಕೇ ಆ ಎರಡನೇ ಮುದ್ದೆ." ಸೊಸೆ ಎದ್ದು ಒಳಗೆ ಹೋದಳು. ಮುನೆಮ್ಮ ಕಾಯಿ ಸುಲಿಯುತ್ತಲೇ ಇದ್ದರು. "ಊರ ಮಾನ ಅಂದ್ಕೊಂಡ್ರು. ನೀವು ಹೋದ್ಮೇಲೆ ಮನಸ್ಸು ತಡೀಲಿಲ್ಲ. ನೀವು ಮೊದಲು ಹೊಡೆದಿದ್ದ ಗೂಟದ ತೂತು ಹಂಗೇ ಇತ್ತು. ಮಾರನೇ ದಿನ ಅಷ್ಟಗಲ ಬೇರೆಯಾಗಿ ಕೊಯ್ದು, ಬಡಿದು, ಒಂದು ಕಾಳೂ ಬೆರಸದಂಗೆ ಕಟ್ಟಿಟ್ರು. ಪಾಪಮ್ಮ ಗೂಡಿನ ಕೆಲಸಕ್ಕೆ ಹೋದ್ಮೇಲೆ ಅದನ್ನೇ ಎತ್ಕೊಂಡು ನಿಮ್ಮ ಆಫೀಸಿಗೆ ಬಂದಿದ್ದು."

ಸುಲಿದ ಕಾಳನ್ನು ಮೊರಕ್ಕೆ ಸುರಿದು ಅವರು ತಲೆ ಎತ್ತಿದರು.

"ಸಾಯೋಗಂಟ ಕೇಳ್ತಿದ್ರು ಸಾರ್. ಆ ರಾಗೀನ ನೀವು ತೂಕ ಹಾಕಿದ್ರಾ ಅಂತ. ಹಾಕಿದ್ರಾ?"

ಸಂಜೆ ಮನೆಗೆ ಬಂದಾಗ ಹೆಂಡತಿ ಆ ಹಗ್ಗವನ್ನು ತಾನೇ ಕಟ್ಟಿ ಬಟ್ಟೆ ಹಾಕಿದ್ದಳು. ಹೋದ ಕೆಲಸ ಏನಾಯಿತು ಎಂದಳು. ನಾವು ತಿಂದ ಆ ಚೀಲದ ರಾಗಿ ಯಾವುದೆಂಬುದನ್ನೂ ಸೇರಿಸಿ ಎಲ್ಲ ಹೇಳಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಒಣಗದ ಬಟ್ಟೆಗಳನ್ನು ಒಂದೊಂದಾಗಿ ಹಗ್ಗದಿಂದ ತೆಗೆಯತೊಡಗಿದಳು.